ಸುಣ್ಣದ ಬೊಟ್ಟಿಟ್ಟ ಗುಂಡಿ

ಮೊನ್ನೆ ಅಟ್ಟ ಖಾಲಿ ಮಾಡುವಾಗ ಹಳೆಯ ಕಂಪ್ಯೂಟರಿನ ಕೀಬೋರ್ಡು ಸಿಕ್ಕಿತು. ಗುಜರಿಯವನಿಗೆ ಕೊಡೋಣವೆಂದು ತೆಗೆದಿಟ್ಟವಳು ಅದರ ಧೂಳು ಒರೆಸಲು ಕೂತೆ. ಗುಜರಿಗೆ ಹೋಗುವ ಸಾಮಾನಿಗೆ ಸ್ನಾನ ಮಾಡಿಸಿ ಕಳಿಸುವವಳು ನಮ್ಮ ಬೀದಿಯಲ್ಲಿ ನಾನೊಬ್ಬಳೇ ಇರಬೇಕು. ಒರೆಸುತ್ತಾ ಹೋದಂತೆ ಮೇಲಿನ ಸಾಲಿನ ಎಫ್-ಟೂ ಗುಂಡಿಯ ಮೇಲೆ, ಆಮೇಲೆ ಬಲಗಡೆಯ ಎಂಟರ್ ಗುಂಡಿಯ ಮೇಲೆ, ಬೆಳ್ಳಗೆ ಏನೋ ಮೆತ್ತಿಕೊಂಡದ್ದು ಕಂಡಿತು. ಉಗುರಿನಿಂದ ಕೆರೆದರೂ ಪೂರ್ತಿ ಬಿಡಲಿಲ್ಲ. ಅದು ನಮ್ಮವ್ವ ತನ್ನ ಎಲೆಅಡಿಕೆ ಸಂಚಿಯಿಂದ ತೆಗೆದು ಇಟ್ಟ ಸುಣ್ಣ. ಕೀಬೋರ್ಡನ್ನು ಕೈಯಲ್ಲಿ ಹಿಡಿದುಕೊಂಡೇ ಅಡುಗೆಮನೆಗೆ ಹೋದೆ. ಒಲೆಯ ಮೇಲೆ ಏನಾದರೂ ಇದೆಯೇ ಎಂದು ನೋಡಿದೆ. ಏನೂ ಇರಲಿಲ್ಲ. ಬಂದು ಕೂತೆ. ಯಾಕೆ ಹೋಗಿ ನೋಡಿದೆ ಎಂದು ಹೇಳುವುದಕ್ಕೆ ನಿಮ್ಮನ್ನು ಸ್ವಲ್ಪ ಸುತ್ತಿಸಬೇಕಾಗುತ್ತದೆ.

ನಾನು ಇಪ್ಪತ್ತೆರಡು ವರ್ಷ ಬ್ಯಾಂಕಿನಲ್ಲಿ ಗುಮಾಸ್ತೆಯಾಗಿದ್ದವಳು. ಕೊನೆಯ ಆರು ವರ್ಷ ಹ್ಯಾಂಡ್‌ಪೋಸ್ಟಿನ ಶಾಖೆಯಲ್ಲಿ. ದಿನಾ ಹುಣಸೂರಿನಿಂದ ಬಸ್ಸು ಹತ್ತಿ ಹೋಗಿ ಬರುವುದು. ಸ್ವಯಂ ನಿವೃತ್ತಿ ಎಂಬುದೊಂದು ಬಂದಾಗ ಅರ್ಜಿ ಹಾಕಿದವರಲ್ಲಿ ನಾನೇ ಮೊದಲಿಗಳು. ಮನೆಯಲ್ಲಿ ಕಾಲು ಚಾಚಿ ಕೂರುತ್ತೇನೆ ಅಂದುಕೊಂಡಿದ್ದೆ. ಎರಡು ತಿಂಗಳಲ್ಲಿ ಮನೆಯ ಡಬ್ಬಗಳನ್ನೆಲ್ಲ ಎರಡೆರಡು ಸಲ ತೊಳೆದಾಯಿತು. ಮೂರನೆಯ ತಿಂಗಳು ನಮ್ಮ ಯಜಮಾನರು, ಅವರು ಗಾವಡಗೆರೆಯ ಹೈಸ್ಕೂಲಿನಲ್ಲಿ ಡ್ರಾಯಿಂಗ್ ಮೇಷ್ಟ್ರು, ತಮ್ಮ ಬಣ್ಣದ ಕುಂಚಗಳನ್ನು ನಾನು ಸೋಪಿನಪುಡಿಯಲ್ಲಿ ನೆನೆಹಾಕಿದ್ದು ನೋಡಿ, "ಸರೋಜಾ, ನೀನು ಏನಾದ್ರೂ ಕೆಲಸ ಹುಡುಕ್ಕೊಳ್ಳೋದು ಒಳ್ಳೇದು" ಎಂದರು. ಹಾಗೆ ಹುಡುಕಿಕೊಂಡದ್ದು ಷೇರಿನ ಕೆಲಸ.

ಬೆಳಿಗ್ಗೆ ಕೊಂಡು ಸಂಜೆಯೊಳಗೆ ಮಾರುವ ಕೆಲಸ ಅದು. ಮನೆಗೆ ಆಗತಾನೆ ಇಂಟರ್ನೆಟ್ಟು ಬಂದಿತ್ತು. ಬ್ಯಾಂಕಿನಲ್ಲಿ ಕಲಿತ ವಿದ್ಯೆ ಉಪಯೋಗಿಸಿ ಕಂಪ್ಯೂಟರಿನಲ್ಲಿ ಒಂದು ಶೀಟು ಮಾಡಿಕೊಂಡೆ. ಮಾರುಕಟ್ಟೆಯ ಬೆಲೆ ತಾನಾಗಿ ಅದರೊಳಗೆ ಹರಿದು ಬರುತ್ತಿತ್ತು. ಶೀಟು ತನ್ನಷ್ಟಕ್ಕೆ ಕೂಡಿ ಕಳೆದು, ಕೊಳ್ಳುವ ಹೊತ್ತು ಬಂದರೆ ಒಂದು ಚೌಕವನ್ನು ಹಸಿರು ಮಾಡಿ ಕುಂಯ್ ಎನ್ನುತ್ತಿತ್ತು. ಕೊಳ್ಳುವ ಗುಂಡಿ ಒತ್ತುವುದು, ಆಮೇಲೆ ಮಾರುವ ಗುಂಡಿ ಒತ್ತುವುದು ನನ್ನ ಪಾಲಿನ ಕೆಲಸ. ಅಂದರೆ ಅರ್ಧ ಯಂತ್ರ, ಅರ್ಧ ನಾನು. "ಯಂತ್ರದ ಅರ್ಧ ಚೆನ್ನಾಗಿದೆ, ಇನ್ನರ್ಧ ರಿಪೇರಿಗೆ ಬಂದಿದೆ" ಎನ್ನುವುದು ನಮ್ಮ ಮೇಷ್ಟ್ರ ಅಭಿಪ್ರಾಯ. ಗಂಡ ಹೇಳಿದ್ದು ಸರಿಯಾಗಿದ್ದಾಗ ನಮಗೆ ಇನ್ನಷ್ಟು ಸಿಟ್ಟು ಬರುತ್ತದೆ ಎಂದು ನಿಮಗೂ ಗೊತ್ತಿರಬಹುದು.

ಕೊಳ್ಳುವುದರಲ್ಲಿ ನನಗೆ ತೊಂದರೆ ಇರಲಿಲ್ಲ. ಹೊರಗೆ ಬರುವುದೇ ಕಷ್ಟ. ಲಾಭದಲ್ಲಿದ್ದರೆ ಎರಡು ರೂಪಾಯಿಗೇ ಹೆದರಿ ಮಾರಿಬಿಡುವುದು, ನಷ್ಟದಲ್ಲಿದ್ದರೆ "ಇನ್ನೇನು ತಿರುಗುತ್ತೆ" ಎಂದು ಕಾಯುವುದು. ಇಂತಿಷ್ಟಕ್ಕೆ ಇಳಿದರೆ ಮಾರಿಬಿಡು ಎಂದು ಕಂಪ್ಯೂಟರಿಗೆ ಮೊದಲೇ ಹೇಳಿಡುವ ವ್ಯವಸ್ಥೆಯೂ ಇತ್ತು. ಹೇಳಿಡುತ್ತಿದ್ದೆ. ಆದರೆ ಹೇಳಿದ್ದನ್ನು ರದ್ದು ಮಾಡುವ ಗುಂಡಿಯೂ ಅದರ ಪಕ್ಕದಲ್ಲೇ ಇತ್ತು. ಬೆಲೆ ಆ ಅಂಕಿಯ ಹತ್ತಿರ ಬರುತ್ತಿದ್ದಂತೆ ನನ್ನ ಬೆರಳು ತಾನಾಗಿ ಅಲ್ಲಿಗೆ ಹೋಗುತ್ತಿತ್ತು. ಹೇಳುವುದು ಆಚಾರ, ತಿನ್ನುವುದು ಬದನೆಕಾಯಿ.

ಈ ಗುಣ ನನಗೆ ಅಪ್ಪನಿಂದ ಬಂದದ್ದು. ನಮ್ಮೂರು ಕಂಪಲಾಪುರದ ಮಗ್ಗುಲು. ಅಪ್ಪ ಹೊಗೆಸೊಪ್ಪು ಬೆಳೆಯುತ್ತಿದ್ದರು. ಹರಾಜು ಕಟ್ಟೆಯಲ್ಲಿ ಸೊಪ್ಪು ಒತ್ತಿ ಕಟ್ಟಿದ ಬೇಲುಗಳನ್ನು ಸಾಲಾಗಿ ಇಟ್ಟಿರುತ್ತಾರೆ, ಕಂಪನಿಯವರು ನಡೆಯುತ್ತಾ ನಡೆಯುತ್ತಾ ರೇಟು ಕೂಗಿಕೊಂಡು ಹೋಗುತ್ತಾರೆ. ಕೂಗಿದ ರೇಟು ಒಪ್ಪಿಗೆಯಾಗದಿದ್ದರೆ ಬೇಡ ಎಂದು ಬೇಲನ್ನು ವಾಪಸ್ ಒಯ್ಯುವ ಹಕ್ಕು ಬೆಳೆದವನಿಗಿತ್ತು. ಅಪ್ಪನಿಗೆ ಬೆಳೆಯುವುದಕ್ಕಿಂತ ಆ ಹಕ್ಕನ್ನು ಚಲಾಯಿಸುವುದರಲ್ಲಿ ಹೆಚ್ಚು ಸುಖ ಅಂತ ನನಗನ್ನಿಸುತ್ತದೆ. "ಬ್ಯಾಡ ಬುಡ್ರಿ" ಎಂದು ಟವಲು ಕೊಡವಿ ಹೆಗಲಿಗೆ ಹಾಕಿಕೊಂಡರೆ ಅಕ್ಕಪಕ್ಕದವರು ತಿರುಗಿ ನೋಡಬೇಕು. ಒಂದು ವರ್ಷ ಒಂದೇ ಬೇಲು ಮೂರು ಸಲ ಗಾಡಿ ಹತ್ತಿ ಇಳಿಯಿತು. ಮೊದಲ ಸಲ ಕೂಗಿದ್ದೇ ಒಳ್ಳೆಯ ರೇಟು. ನಾಲ್ಕನೆಯ ಸಲ ಹೋಗುವ ಹೊತ್ತಿಗೆ ಸೊಪ್ಪು ಒಳಗೇ ಬೂಸಲು ಹಿಡಿದಿತ್ತು. ಅವತ್ತು ಅಪ್ಪ ಟವಲು ಕೊಡವಲಿಲ್ಲವಂತೆ. ಮನೆಗೆ ಬಂದು ಊಟ ಮಾಡಿ, "ಮಾರ್ಕೆಟ್ಟೇ ಸರಿಯಿಲ್ಲ" ಎಂದು ಮಲಗಿದರು. ಅದೇ ಮಾತನ್ನು ನಾನು ಎಷ್ಟು ಮಧ್ಯಾಹ್ನ ಹೇಳಿದ್ದೇನೋ ಲೆಕ್ಕವಿಲ್ಲ.

ಅವ್ವನ ದಾರಿ ಬೇರೆ. ಸೊಪ್ಪು ಬೇಯಿಸುವ ಬ್ಯಾರನ್ ನೋಡಿದವರಿಗೆ ಗೊತ್ತು. ಎತ್ತರದ ಕೋಣೆ, ಒಳಗೆ ಕಡ್ಡಿಗೆ ಕಟ್ಟಿ ನೇತುಹಾಕಿದ ಎಲೆ, ಹೊರಗಿನಿಂದ ಐದಾರು ದಿನ ಬಿಡದೆ ಬೆಂಕಿ. ಕಷ್ಟವಿರುವುದು ಬೆಂಕಿ ನಿಲ್ಲಿಸುವ ಹೊತ್ತಿನಲ್ಲಿ. ಮುಂಚೆ ನಿಲ್ಲಿಸಿದರೆ ದಂಟು ಹಸಿಯಾಗಿ ಉಳಿದು ಕೊಳೆಯುತ್ತದೆ, ತಡವಾದರೆ ಎಲೆ ಸೀದು ಕೆಂಪಾಗುತ್ತದೆ. ನಮ್ಮ ಕಡೆ ಒಂದು ಪದ್ಧತಿ ಇತ್ತು. ಬೆಂಕಿ ಹಾಕಿದವನು ಬಾಗಿಲು ತೆಗೆಯಬಾರದು. ಐದು ದಿನ ಒಲೆಯ ಮುಂದೆ ಕೂತವನಿಗೆ ಮೂಗೂ ಸತ್ತಿರುತ್ತದೆ, ಆಸೆಯೂ ಹುಟ್ಟಿರುತ್ತದೆ, ಇನ್ನೊಂದು ಗಳಿಗೆ ಇರಲಿ ಅಂತಲೇ ಹೇಳುತ್ತಾನೆ. ಅದಕ್ಕೆ ಹೊರಗಿನಿಂದ ಒಬ್ಬರನ್ನು ಕರೆಸುತ್ತಿದ್ದರು. ಅವರು ಬಾಗಿಲು ತೆಗೆದು, ಒಂದು ಎಲೆ ಎಳೆದು, ದಂಟನ್ನು ಕಿವಿಯ ಹತ್ತಿರ ಮುರಿದು ನೋಡಿ ಸಾಕು ಎಂದರೆ ಸಾಕು. ಆಮೇಲೆ ಒಲೆಯವನು ತಕರಾರು ಎತ್ತುವಂತಿಲ್ಲ. ನಮ್ಮ ಸುತ್ತಿನ ಏಳೆಂಟು ಬ್ಯಾರನ್ನುಗಳಿಗೆ ಹೀಗೆ ಹೋಗುತ್ತಿದ್ದವಳು ನಮ್ಮವ್ವ ಚಿಕ್ಕತಾಯಮ್ಮ. ಸಾಕು ಎನ್ನುವುದರಲ್ಲಿ ಅವಳಷ್ಟು ಗಟ್ಟಿಗರು ಇರಲಿಲ್ಲ. ಅಪ್ಪನ ದುರದೃಷ್ಟ, ಹರಾಜು ಕಟ್ಟೆಗೆ ಹೆಂಗಸರನ್ನು ಕರೆದುಕೊಂಡು ಹೋಗುವ ಪದ್ಧತಿ ಇರಲಿಲ್ಲ.

ಅಪ್ಪ ತೀರಿಕೊಂಡ ಮೇಲೆ ಅವ್ವ ಹುಣಸೂರಿಗೆ ನಮ್ಮ ಮನೆಗೆ ಬಂದಳು. ನಡುಮನೆಯ ಬೆತ್ತದ ಕುರ್ಚಿ, ಎಲೆಅಡಿಕೆ ಸಂಚಿ, ಕಿಟಕಿಯಾಚೆಯ ರಸ್ತೆ. ಒಂದು ದಿನ ನಾನು ನಷ್ಟದಲ್ಲಿ ಸಿಕ್ಕಿಹಾಕಿಕೊಂಡು, ಬೆಳಿಗ್ಗೆ ಹನ್ನೊಂದರಿಂದ ಮೂರರವರೆಗೆ ನೀರೂ ಕುಡಿಯದೆ ಪರದೆ ನೋಡುತ್ತಾ ಕೂತಿದ್ದೆ. ಅವ್ವ ಅಡಿಕೆ ಕತ್ತರಿಸುತ್ತಾ ಕೇಳಿದಳು.

"ಅದೇನವ್ವ ಅದು, ಇಳೀತಾನೇ ಅದೆ, ನೀನು ನೋಡ್ತಾನೇ ಇದ್ದೀಯ?"

"ತಿರುಗುತ್ತೆ ಅಂತ ಕಾಯ್ತಿದ್ದೀನಿ ಅವ್ವ."

"ಬೆಂಕಿ ಹಾಕ್ದೋಳೂ ನೀನೇ, ಬಾಗ್ಲು ತೆಗೆಯೋಳೂ ನೀನೇನಾ?"

ಆ ಮಾತು ನನ್ನ ತಲೆಯೊಳಗೆ ಇಳಿದದ್ದು ಆ ದಿನದ ದುಡ್ಡು ಹೋದ ಮೇಲೆ. ಮಾರನೆಯ ದಿನವೇ ಅವ್ವನನ್ನು ನೇಮಕ ಮಾಡಿಕೊಂಡೆ. ಅವಳಿಗೆ ಓದು ಬರುತ್ತಿರಲಿಲ್ಲ, ಅಂಕಿ ಬರುತ್ತಿತ್ತು. ಬ್ಯಾರನ್ನಿನ ಥರ್ಮಾಮೀಟರು, ತೂಕದ ಕಲ್ಲು ನೋಡಿ ಕಲಿತದ್ದು. ನಾನು ಷೇರು ಕೊಂಡ ಕೂಡಲೇ ಒಂದು ಚೀಟಿಯಲ್ಲಿ ಒಂದು ಅಂಕಿ ಬರೆದು ಅವಳ ಕೈಗೆ ಕೊಡಬೇಕು. ಪರದೆಯ ಮೇಲಿನ ಅಂಕಿ ಅಷ್ಟಕ್ಕೆ ಇಳಿದರೆ ಅವಳು ಎದ್ದು ಬಂದು ಎಫ್-ಟೂ ಒತ್ತಬೇಕು, ಮಾರುವ ಆರ್ಡರು ತುಂಬಿಕೊಂಡು ಬರುತ್ತದೆ, ಆಮೇಲೆ ಎಂಟರ್. ನನ್ನನ್ನು ಕೇಳುವಂತಿಲ್ಲ, ನಾನು ಬೇಡ ಎನ್ನುವಂತಿಲ್ಲ. ಅಷ್ಟೊಂದು ಗುಂಡಿಗಳಲ್ಲಿ ಯಾವುದು ತನ್ನದು ಎಂದು ತಿಳಿಯಲು ಅವ್ವ ಸಂಚಿಯ ಸುಣ್ಣವನ್ನು ಬೆರಳಲ್ಲಿ ತೆಗೆದು ಎರಡಕ್ಕೂ ಬೊಟ್ಟಿಟ್ಟಳು. ಒಣಗಿ ಉದುರಿದರೆ ಮತ್ತೆ ಇಡುತ್ತಿದ್ದಳು.

ರದ್ದು ಮಾಡಲಾಗದ ವ್ಯವಸ್ಥೆ ಅದು. ಚೀಟಿಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಕೂತಳೆಂದರೆ ಅವ್ವನ ಕಣ್ಣು ಪರದೆ ಬಿಟ್ಟು ಕದಲುತ್ತಿರಲಿಲ್ಲ. ಆರು ತಿಂಗಳಲ್ಲಿ ಎಷ್ಟೋ ಸಲ ಒತ್ತಿದಳು. ಒತ್ತಿದಾಗಲೆಲ್ಲ ನನಗೆ ಮೈ ಉರಿಯುತ್ತಿತ್ತು. ಆದರೆ ತಿಂಗಳ ಕೊನೆಯಲ್ಲಿ ನೋಡಿದರೆ ಸ್ವಲ್ಪ ಉಳಿದಿರುತ್ತಿತ್ತು, ಅದು ಹಿಂದೆ ಎಂದೂ ಆಗದಿದ್ದ ಸಂಗತಿ. ಮೇಷ್ಟ್ರು ಇದನ್ನು ಗಾವಡಗೆರೆಯ ಸ್ಟಾಫ್ ರೂಮಿನಲ್ಲಿ ಹೇಳಿ ಹೆಮ್ಮೆಪಟ್ಟುಕೊಂಡರಂತೆ. ಹೆಂಡತಿಯ ಬಗ್ಗೆ ಅಲ್ಲ, ಅತ್ತೆಯ ಬಗ್ಗೆ.

ಇಷ್ಟು ಹೇಳಿದ ಮೇಲೆ ಮುಂದಿನದನ್ನೂ ಹೇಳಲೇಬೇಕು.

ಅವ್ವನಿಗೆ ಒಂದೇ ಒಂದು ಆಸೆ ಇತ್ತು. ಹುಟ್ಟಿದ್ದು ಅಪ್ಪನ ಮನೆ, ಬಾಳಿದ್ದು ಗಂಡನ ಮನೆ, ಈಗ ಇರುವುದು ಮಗಳ ಮನೆ. "ನನ್ನೆಸ್ರಲ್ಲಿ ಒಂದು ಬಾಗ್ಲು ಇರ್ಬೇಕು ಕಣವ್ವ. ಒಂದು ಕೋಣೆ ಆದ್ರೂ ಸರಿ. ಒಳಗಿಂದ ಅಗುಳಿ ಹಾಕ್ಕೊಂಡ್ರೆ ಯಾರೂ ಕೇಳ್ಬಾರ್ದು" ಎನ್ನುತ್ತಿದ್ದಳು. ಹಳ್ಳಿಯ ಬ್ಯಾರನ್ನನ್ನೂ ಅದು ನಿಂತ ಜಾಗವನ್ನೂ ಮಾರಿದ ದುಡ್ಡು ಅವಳದ್ದಿತ್ತು. ನಮ್ಮ ಮನೆಯಿಂದ ಎರಡು ಬೀದಿ ಆಚೆ ಇಪ್ಪತ್ತು ಅಡಿಗೆ ಮೂವತ್ತು ಅಡಿಯ ಸೈಟು ಗೊತ್ತಾಯಿತು. ಮಾತು ಮುಗಿಯಿತು. ಶುಕ್ರವಾರ ರಿಜಿಸ್ಟ್ರಿ. ದುಡ್ಡನ್ನು ಅವ್ವ, "ನಿನ್ ತಾವೇ ಇರ್ಲಿ" ಎಂದು ನನ್ನ ಖಾತೆಗೇ ಹಾಕಿಸಿದ್ದಳು.

ಸೋಮವಾರ ಲಾಭ ಬಂತು, ಮಂಗಳವಾರವೂ ಬಂತು. ಅವೆರಡೂ ನನ್ನ ಸ್ವಂತ ದುಡ್ಡಿನಲ್ಲಿ. ಮಂಗಳವಾರ ಸಂಜೆ ನನಗೊಂದು ಯೋಚನೆ ಬಂತು. ಇಷ್ಟು ಚೆನ್ನಾಗಿ ನಡೆಯುತ್ತಿರುವಾಗ ಸೈಟಿನ ದುಡ್ಡು ಸುಮ್ಮನೆ ಬಿದ್ದಿದೆಯಲ್ಲ. ಒಂದೇ ಒಂದು ದಿನ ಹಾಕಿದರೆ ರಿಜಿಸ್ಟ್ರಿಯ ಖರ್ಚು ಹುಟ್ಟುತ್ತದೆ, ಅವ್ವನಿಗೆ ಹೇಳದೆ ನಾನೇ ಕಟ್ಟಿಬಿಡುತ್ತೇನೆ. ನೋಡಿ, ಕದಿಯುವುದನ್ನೂ ಉಡುಗೊರೆ ಎಂದು ಹೆಸರಿಟ್ಟು ಕದ್ದೆ. ಬೆಕ್ಕು ಕಣ್ಣು ಮುಚ್ಚಿ ಹಾಲು ಕುಡಿದ ಹಾಗೆ. ದುಡ್ಡನ್ನು ದಲ್ಲಾಳಿ ಖಾತೆಗೆ ಕಳಿಸಿ, ಮೇಷ್ಟ್ರಿಗೂ ಹೇಳದೆ ಮಲಗಿದೆ. ಚೆನ್ನಾಗಿಯೇ ನಿದ್ದೆ ಬಂತು, ಅದಕ್ಕೂ ಈಗ ನಾಚಿಕೆಯಾಗುತ್ತದೆ.

ಬುಧವಾರ ಮೇಷ್ಟ್ರು ಬಸ್ಸಿಗೆ ಹೋದರು. ಅವ್ವ ಕುರ್ಚಿಯಲ್ಲಿ ಕೂತಳು. ಹತ್ತೂವರೆಗೆ ಶೀಟು ಕುಂಯ್ ಎಂದಿತು. ಒಂದು ಸಿಮೆಂಟು ಕಂಪನಿಯ ಷೇರು, ನಾನೂರ ಹದಿನೆಂಟು ರೂಪಾಯಿ. ಸಾಮಾನ್ಯವಾಗಿ ಇನ್ನೂರು ಕೊಳ್ಳುತ್ತಿದ್ದೆ. ಅವತ್ತು ಸಾವಿರದ ನಾನೂರು ಕೊಂಡೆ, ಸಂಜೆಯೊಳಗೆ ಮಾರುವುದಾದರೆ ಇದ್ದ ದುಡ್ಡಿನ ಐದು ಪಟ್ಟು ಕೊಳ್ಳಲು ದಲ್ಲಾಳಿ ಬಿಡುತ್ತಿದ್ದ. ಚೀಟಿಯಲ್ಲಿ 412 ಎಂದು ಬರೆದು ಅವ್ವನಿಗೆ ಕೊಟ್ಟೆ. ಅವ್ವ ಅದನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಎಲೆಗೆ ಸುಣ್ಣ ಹಚ್ಚತೊಡಗಿದಳು.

ಹತ್ತು ನಿಮಿಷ ಅದು ಹತ್ತೊಂಬತ್ತು, ಇಪ್ಪತ್ತು ಎಂದು ಆಡಿತು. ಆಮೇಲೆ ಇಳಿಯತೊಡಗಿತು. ಒಂದು ರೂಪಾಯಿ ಇಳಿದರೆ ಸಾವಿರದ ನಾನೂರು ರೂಪಾಯಿ ಹೋಯಿತು. ಹದಿನೇಳು. ಹದಿನಾರು. ಹದಿನೈದೂವರೆ. ಅವ್ವ ಎಲೆ ಮಡಿಸುವುದನ್ನು ನಿಲ್ಲಿಸಿದ್ದಳು. ಹದಿನಾಲ್ಕು. ಹನ್ನೆರಡಕ್ಕೆ ಬಂದರೆ ಅವಳು ಏಳುತ್ತಾಳೆ. ಏಳುವುದನ್ನು ತಡೆಯುವ ಗುಂಡಿ ಯಾವ ಕೀಬೋರ್ಡಿನಲ್ಲೂ ಇರಲಿಲ್ಲ. ನನ್ನ ಬಾಯಿಂದ ಬಂದದ್ದು ಇದು.

"ಅವ್ವಾ, ಒಲೆ ಮೇಲೆ ಹಾಲಿಟ್ಟಿದ್ದೀನಿ. ಉಕ್ಕಿಬಿಡುತ್ತೆ, ಒಂಚೂರು ನೋಡ್ಬಾ."

ಅವ್ವ ಪರದೆಯನ್ನೊಮ್ಮೆ ನೋಡಿದಳು, ನನ್ನನ್ನೊಮ್ಮೆ ನೋಡಿದಳು. ಮಂಡಿಯ ಮೇಲೆ ಕೈಯೂರಿ ಎದ್ದು ಅಡುಗೆಮನೆಗೆ ಹೋದಳು. ಅವಳ ಮಂಡಿ ನೋಯುತ್ತಿತ್ತು, ಎರಡು ಹೆಜ್ಜೆಗೊಮ್ಮೆ ಗೋಡೆ ಹಿಡಿಯುವಳು. ಆ ಹೊತ್ತಿನಲ್ಲಿ ಹನ್ನೆರಡು ಬಂತು, ಹೋಯಿತು. ಹನ್ನೊಂದು. ಹತ್ತೂವರೆ. ನಾನು ಹಾಗೇ ಕೂತಿದ್ದೆ.

ಅವ್ವ ಬಾಗಿಲಲ್ಲಿ ಬಂದು ನಿಂತು, "ಒಲೇನೇ ಹಚ್ಚಿಲ್ವಲ್ಲ ಸರೋಜಿ" ಎಂದಳು.

"ಓ, ಹಚ್ಚಿದ್ದೆ ಅನ್ಕೊಂಡೆ."

ಅವಳು ಕುರ್ಚಿಯವರೆಗೆ ಬಂದಳು. ಸೊಂಟದ ಚೀಟಿ ತೆಗೆದು ನೋಡಿದಳು, ಪರದೆ ನೋಡಿದಳು. "ದಾಟೋಗದೆ" ಎಂದು ಮೇಜಿನ ಕಡೆಗೆ ತಿರುಗಿದಳು. ನಾನು ಥಟ್ಟನೆ ಕೈ ಚಾಚಿ ಚೀಟಿ ಕಿತ್ತುಕೊಂಡೆ.

"ಕೊಡವ್ವ, ತಪ್ಪು ಬರೆದಿದ್ದೀನಿ" ಎಂದು ಹನ್ನೆರಡನ್ನು ಹೊಡೆದು ಹಾಕಿ 406 ಎಂದು ಬರೆದೆ. ಅವಸರದಲ್ಲಿ ಬರೆದ ಆರು ಸೊನ್ನೆಯಂತೆ ಕಂಡಿತು. ಅವ್ವ ಅದನ್ನು ತೆಗೆದುಕೊಂಡಳು. ಕೂರಲಿಲ್ಲ, ನನ್ನ ಬೆನ್ನ ಹಿಂದೆಯೇ ನಿಂತಳು.

ಅದೇ ಹೊತ್ತಿಗೆ ಕರೆಂಟು ಹೋಯಿತು. ಫ್ಯಾನು ನಿಂತಿತು. ಕಂಪ್ಯೂಟರಿಗೆ ಕೆಳಗೆ ಬ್ಯಾಟರಿ ಪೆಟ್ಟಿಗೆ ಇತ್ತು, ಹತ್ತು ಹನ್ನೆರಡು ನಿಮಿಷ ತಡೆಯುತ್ತಿತ್ತು. ಅದು ಕೀಂ, ಕೀಂ ಎಂದು ಕೂಗತೊಡಗಿತು. ಹತ್ತು ನಿಮಿಷದ ಮೇಲೆ ನನ್ನ ಕೈಯಲ್ಲಿ ಗುಂಡಿಯೂ ಇಲ್ಲ, ಅಂಕಿಯೂ ಇಲ್ಲ. ದಲ್ಲಾಳಿಯ ಮೈಸೂರಿನ ಆಫೀಸಿಗೆ ಫೋನು ಮಾಡಿದೆ, ಎಂಗೇಜು. ಮತ್ತೆ ಮಾಡಿದೆ, ಎಂಗೇಜು. ಅಂಥ ದಿನ ಎಲ್ಲರೂ ಅಲ್ಲಿಗೇ ಮಾಡುತ್ತಾರೆ. ಪರದೆಯಲ್ಲಿ ನಾನೂರ ಐದು ಆಗಿತ್ತು. ಮೂರು. ಒಂದೂವರೆ.

ಅವ್ವನ ಕೈ ನನ್ನ ಹೆಗಲ ಮೇಲಿಂದ ಮುಂದೆ ಬಂತು. ಸುಣ್ಣ ಮೆತ್ತಿದ ತೋರುಬೆರಳು.

"ಅವ್ವ, ಒಂದ್ನಿಮಿಷ ಇರು. ಇನ್ನೇನು ತಿರುಗುತ್ತೆ. ಚೀಟಿ ಕೊಡು ಇಲ್ಲಿ."

"ಎಷ್ಟ್ ಸಲ ತಿದ್ದೀಯವ್ವ? ನಿಮ್ಮಪ್ಪನೂ ಬೇಲು ಹಿಂಗೇ ಹೊತ್ಕೊಂಡ್ ತಿರುಗ್ತು."

"ಒತ್ತಬೇಡ ಅವ್ವ, ನಿನ್ನ ಕಾಲಿಗೆ ಬೀಳ್ತೀನಿ." ನಾನು ಅವಳ ಮಣಿಕಟ್ಟು ಹಿಡಿದುಕೊಂಡಿದ್ದೆ. ನಾನೂರಕ್ಕಿಂತ ಕೆಳಗೆ ಹೋಗಿತ್ತು. ಮುನ್ನೂರ ತೊಂಬತ್ತೊಂಬತ್ತು, ತೊಂಬತ್ತೆಂಟು. ಕೀಂ ಕೀಂ ಎನ್ನುವುದು ಬಿರುಸಾಗಿತ್ತು. ಅವಳ ಕೈ ತಡೆಯಲು ನನಗೆ ಬೇರೇನೂ ಉಳಿದಿರಲಿಲ್ಲ, ನಿಜವನ್ನು ಬಿಟ್ಟು. ನಿಜ ಹೇಳಬೇಕೆಂದು ಹೇಳಿದ್ದಲ್ಲ, ಅವಳನ್ನು ನಿಲ್ಲಿಸಬೇಕೆಂದು ಹೇಳಿದೆ.

"ಇದು ನಿನ್ನ ಸೈಟಿನ ದುಡ್ಡು ಅವ್ವ. ನಿನ್ನ ಬ್ಯಾರನ್ ಮಾರಿದ ದುಡ್ಡು. ಈಗ ಒತ್ತಿದ್ರೆ ಹೋದದ್ದು ಹೋದ ಹಾಗೇ."

ಅವಳ ಮಣಿಕಟ್ಟು ನನ್ನ ಕೈಯೊಳಗೆ ಒಂದು ಗಳಿಗೆ ಸುಮ್ಮನಾಯಿತು. ಅವಳ ಮುಖ ನೋಡುವ ಧೈರ್ಯ ನನಗಿರಲಿಲ್ಲ, ಅದಕ್ಕೆ ಗುಂಡಿಯ ಮೇಲಿನ ಬಿಳಿಯ ಬೊಟ್ಟನ್ನು ನೋಡುತ್ತಿದ್ದೆ.

"ಯಾರ್ದಾದ್ರೂ ಅಷ್ಟೇಯ" ಎಂದಳು ಅವ್ವ. ಎಡಗೈಯಿಂದ ನನ್ನ ಬೆರಳುಗಳನ್ನು ಒಂದೊಂದಾಗಿ ಬಿಡಿಸಿದಳು. ಎಫ್-ಟೂ ಒತ್ತಿದಳು. ಎಂಟರ್ ಒತ್ತಿದಳು.

ಮುನ್ನೂರ ತೊಂಬತ್ತಾರಕ್ಕೆ ಪೂರ್ತಿ ಮಾರಾಟವಾಯಿತು ಎಂದು ಪರದೆಯ ಕೆಳಗೆ ಒಂದು ಸಾಲು ಬಂತು. ಮೂರು ನಾಲ್ಕು ನಿಮಿಷಕ್ಕೆ ಬ್ಯಾಟರಿ ಪೆಟ್ಟಿಗೆಯೂ ನಿಂತು ಪರದೆ ಕಪ್ಪಾಯಿತು. ಅವ್ವ ಅಡುಗೆಮನೆಗೆ ಹೋಗಿ ಒಂದು ಲೋಟ ನೀರು ತಂದು ನನ್ನ ಮುಂದಿಟ್ಟಳು. ಸೈಟಿನ ಕಾಲು ಭಾಗ ಹೋಗಿತ್ತು.

ಇಲ್ಲಿಗೆ ಮುಗಿದಿದ್ದರೆ ಅವ್ವ ನನ್ನನ್ನು ಕಾಪಾಡಿದಳು ಎಂದು ಹೇಳಿ ಕಣ್ಣೊರೆಸಿಕೊಳ್ಳಬಹುದಿತ್ತು. ಎರಡೂವರೆಗೆ ಕರೆಂಟು ಬಂತು. ಕಂಪ್ಯೂಟರು ಹಾಕಿದೆ. ಆ ಷೇರು ನಾನೂರ ಹದಿನೈದಕ್ಕೆ ಬಂದು ಕೂತಿತ್ತು. ಇನ್ನೊಂದಿಷ್ಟು ಹೊತ್ತು ಅವಳ ಕೈ ಹಿಡಿದುಕೊಂಡೇ ಇದ್ದಿದ್ದರೆ ಮುಕ್ಕಾಲುಪಾಲು ವಾಪಸ್ ಸಿಗುತ್ತಿತ್ತು. ನನಗೆ ಅಳುವೂ ಬಂತು, ಸಿಟ್ಟೂ ಬಂತು. "ನೋಡವ್ವ, ನೋಡು. ತಿರುಗುತ್ತೆ ಅಂತ ಹೇಳಿದ್ನಲ್ಲ" ಎಂದು ಪರದೆಯನ್ನು ಅವಳ ಕಡೆ ತಿರುಗಿಸಿದೆ. ಕಳ್ಳತನ ಮಾಡಿದವಳು ನಾನು, ದಬಾಯಿಸುತ್ತಿದ್ದವಳೂ ನಾನೇ.

ಅವ್ವ ಅಂಕಿ ಓದಿಕೊಂಡಳು. ಸಂಚಿಯ ದಾರ ಎಳೆದು ಕಟ್ಟಿದಳು.

"ತಿರುಗ್ಲಿ ಬುಡು. ತಿರುಗದೆ ಇದ್ದಿದ್ರೆ? ಬಾಗ್ಲು ತೆಗ್ದ್ ಮ್ಯಾಕೆ ಒಲೇಲಿ ಬೆಂಕಿ ಎಷ್ಟಿತ್ತು ಅಂತ ಯಾರೂ ಕೇಳಾಕಿಲ್ಲ" ಎಂದಳು. ಆಮೇಲೆ ಕಿಟಕಿಯ ಕಡೆ ನೋಡುತ್ತಾ, "ದುಡ್ಡು ಹೋದ್ದಕ್ಕಲ್ಲ ಕಣವ್ವ. ಇಲ್ದೇ ಇರೋ ಹಾಲ ನೋಡಾಕೆ ಕಳಿಸ್ಬುಟ್ಯಲ್ಲ ನನ್ನ" ಎಂದಳು. ಅಷ್ಟೇ. ಬೈಯಲಿಲ್ಲ. ಬೈದಿದ್ದರೆ ಎದುರು ಮಾತಾಡಿ ಹಗುರಾಗುತ್ತಿದ್ದೆ. ಆ ದಿನದಿಂದ ಅವಳು ಕಂಪ್ಯೂಟರಿನ ಪಕ್ಕ ಕೂರಲಿಲ್ಲ. ಕುರ್ಚಿಯನ್ನು ತಾನೇ ಎಳೆದುಕೊಂಡು ಹೋಗಿ ಜಗಲಿಯಲ್ಲಿ ಹಾಕಿಕೊಂಡಳು. ಚೀಟಿ ಹಿಡಿಯುವವರಿಲ್ಲದೆ ನಾನೂ ಶೀಟು ಮುಚ್ಚಿದೆ, ಮತ್ತೆ ತೆರೆಯಲಿಲ್ಲ.

ಸಂಜೆ ಮೇಷ್ಟ್ರಿಗೆ ಹೇಳಿದೆ. ಅವರು ಕೈಲಿದ್ದ ಬ್ಯಾಗನ್ನು ಕೆಳಗಿಡುವುದನ್ನೂ ಮರೆತು ನಿಂತಿದ್ದರು. ತಮಾಷೆ ಮಾಡದ ನಮ್ಮ ಯಜಮಾನರನ್ನು ನಾನು ನೋಡಿದ್ದು ಅದೊಂದೇ ದಿನ. ನನ್ನ ಬಳೆ ಅಡವಿಟ್ಟು ತುಂಬಿಕೊಡುತ್ತೇನೆ ಎಂದೆ. ಅವ್ವ ಜಗಲಿಯಿಂದಲೇ, "ಬ್ಯಾಡ. ಇರೋದ್ರಲ್ಲೇ ಆಗ್ಲಿ. ಎಷ್ಟಗಲ ಬತ್ತದೋ ಅಷ್ಟಗಲ" ಎಂದಳು.

ಹಾಗೇ ಆಯಿತು. ಸೈಟಿನವರು ಮಗ್ಗುಲಿನ ಜಾಗದ ಒಡೆಯರೂ ಆಗಿದ್ದರಿಂದ ತಕರಾರು ಮಾಡಲಿಲ್ಲ. ಗುರುವಾರ ಟೇಪು ಹಿಡಿದು ಅಳೆದರು. ಟೇಪಿನ ಒಂದು ತುದಿ ನನ್ನ ಕೈಯಲ್ಲಿತ್ತು. ಇಪ್ಪತ್ತಡಿಯ ಕಲ್ಲನ್ನು ಕಿತ್ತು, ಐದು ಅಡಿ ಈಚೆಗೆ, ಹದಿನೈದರ ಹತ್ತಿರ ನೆಟ್ಟರು. ಆ ಐದು ಅಡಿ ನೆಲದಲ್ಲಿ ಒಂದು ತುಂಬೆಗಿಡ ಹೂಬಿಟ್ಟಿತ್ತು. ಷೇರಿನಲ್ಲಿ ಹೋದ ದುಡ್ಡು ಎಲ್ಲಿಗೆ ಹೋಗುತ್ತದೆ ಎಂದು ಜನ ಕೇಳುತ್ತಾರೆ. ನನ್ನದು ಎಲ್ಲಿಗೆ ಹೋಯಿತೆಂದು ನಾನು ಬೆರಳಿಟ್ಟು ತೋರಿಸಬಲ್ಲೆ. ಈಗ ಅಲ್ಲಿ ಪಕ್ಕದ ಮನೆಯವರ ಮೆಟ್ಟಿಲಿದೆ. ಶುಕ್ರವಾರ ಅವ್ವ ರಿಜಿಸ್ಟ್ರಿ ಆಫೀಸಿನಲ್ಲಿ ಹೆಬ್ಬೆಟ್ಟು ಒತ್ತಿದಳು. ಒತ್ತಿದ ಮೇಲೆ ಶಾಯಿಯ ಬೆರಳನ್ನು ಸೆರಗಿಗೆ ಒರೆಸಲಿಲ್ಲ, ಮನೆಯವರೆಗೂ ಹಾಗೇ ಎತ್ತಿಕೊಂಡು ಬಂದಳು.

ಮಳೆಗಾಲ ಕಳೆದು ಒಂದು ಕೋಣೆ, ಒಂದು ಅಡುಗೆಮನೆ ಎದ್ದವು. ಕೋಣೆಯಲ್ಲಿ ಮಂಚವನ್ನು ಉದ್ದಕ್ಕೆ ಹಾಕಬಹುದಿತ್ತು, ಅಡ್ಡ ತಿರುಗಿಸಲು ಆಗುತ್ತಿರಲಿಲ್ಲ. ಬಾಗಿಲಿಗೆ ಮಾತ್ರ ಅವ್ವ ಹೊನ್ನೆ ಮರವೇ ಬೇಕೆಂದು ಹಟ ಹಿಡಿದಳು. ಇಷ್ಟರಲ್ಲಿ ಅವಳು ನನ್ನೊಂದಿಗೆ ಎಲ್ಲ ಮಾತನ್ನೂ ಆಡುತ್ತಿದ್ದಳು. ಸಾರಿಗೆ ಉಪ್ಪು ಹೆಚ್ಚಾಯಿತು, ಹಿತ್ತಿಲಿಗೆ ನೀರು ಬಿಡು, ಎಲ್ಲವನ್ನೂ. ಆದರೆ ನಾನು ಏನಾದರೂ ತಾ ಎಂದರೆ, ಒಂದು ಗಳಿಗೆ ನನ್ನ ಮುಖ ನೋಡಿ ಆಮೇಲೆ ಏಳುತ್ತಿದ್ದಳು. ಆ ಒಂದು ಗಳಿಗೆ ನನಗೆ ಮಾತ್ರ ಗೊತ್ತಾಗುತ್ತಿತ್ತು.

ಗೃಹಪ್ರವೇಶದ ಬೆಳಿಗ್ಗೆ ನಾವು ಮೂವರೇ ಇದ್ದೆವು, ನೆಂಟರು ಮಧ್ಯಾಹ್ನದ ಊಟಕ್ಕೆ ಬರುವವರು. ಪೂಜೆ ಮುಗಿಯಿತು. ನಾನು ಮುಂದಿನ ಕೋಣೆಯಲ್ಲಿ ಬಾಳೆಎಲೆ ಒರೆಸುತ್ತಾ ಕೂತಿದ್ದೆ. ಅವ್ವ ಅಡುಗೆಮನೆಯಿಂದ ಗೋಡೆ ಹಿಡಿದುಕೊಂಡು ಬಂದಳು. ಆ ಮನೆಯಲ್ಲಿ ಗೋಡೆ ಹಿಡಿಯಲು ಹೆಚ್ಚು ಕೈ ಚಾಚಬೇಕಿರಲಿಲ್ಲ. ಮಂಚದ ಮೇಲೆ ಕೂತು ಸಂಚಿ ಬಿಚ್ಚಿದಳು.

"ಸರೋಜಿ, ಒಲೆ ಮ್ಯಾಲೆ ಹಾಲಿಟ್ಟಿವ್ನಿ. ಒಂಚೂರು ನೋಡೋಗವ್ವ."

ಮೇಷ್ಟ್ರು ತೋರಣ ಕಟ್ಟುತ್ತಿದ್ದವರು ಹಾಗೇ ನಿಂತರು. ಅವ್ವ ನನ್ನನ್ನು ನೋಡುತ್ತಿರಲಿಲ್ಲ, ಎಲೆಗೆ ಸುಣ್ಣ ಹಚ್ಚುತ್ತಿದ್ದಳು. ನಾನು ಎದ್ದೆ. ನಾಲ್ಕು ಹೆಜ್ಜೆಯ ದಾರಿ. ಒಲೆಯ ಮೇಲೆ ಏನೂ ಇಲ್ಲದಿದ್ದರೆ ಅದು ನನಗೆ ಸಲ್ಲಬೇಕಾದದ್ದೇ ಎಂದುಕೊಂಡು ಹೋದೆ.

ಹಾಲು ಇತ್ತು. ಹೊಸ ಪಾತ್ರೆಯ ಅಂಚಿಗೆ ಬಂದು, ಕೆನೆ ಎತ್ತಿಕೊಂಡು, ನಾನು ನೋಡುತ್ತಿದ್ದಂತೆಯೇ ನಾಲ್ಕೂ ಕಡೆಗೆ ಉಕ್ಕಿ ಒಲೆಯ ಮೇಲೆ ಸುರಿಯಿತು. ಗೃಹಪ್ರವೇಶದ ಹಾಲನ್ನು ಉಕ್ಕುವವರೆಗೆ ಆರಿಸಬಾರದು. ಉಕ್ಕಿದ ಮೇಲೂ ನಾನು ಆರಿಸದೆ ನಿಂತೇ ಇದ್ದೆ.

"ಸಾಕು, ಆರ್ಸು" ಎಂದಳು ಅವ್ವ, ಅಲ್ಲಿಂದಲೇ. ಆರಿಸಿದೆ.